ಹಾಳೆಯ ಹಿಂಬದಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿಯಿತ್ತು ಎಂದು ನೆಪ ಹೇಳಬಹುದು, ಆದರೆ ನೀನು ನಂಬುವವಳಲ್ಲ. ನಿಜ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು ಕಣೇ.

ಅಳತೆಗೆ ಇಟ್ಟುಕೊಳ್ಳುವ ಕಂದು ಕಾಗದದ ಚೂರಿನಲ್ಲಿ ನಿನ್ನ ಹೊಲಿಗೆಯಂಗಡಿಯ ಬೆಕ್ಕನ್ನು ಗೀಚಿ ಕಳಿಸಿದ್ದೀಯಲ್ಲ, ಅದರ ಮೇಲೆ. ಕಿವಿಯಿಂದ ಬಾಲದವರೆಗೆ ಒಂದೇ ಗೆರೆ! ಬೆನ್ನಿನ ಮೇಲೆ ದಪ್ಪ, ಹೊಟ್ಟೆಯ ಹತ್ತಿರ ಕೂದಲಿನಷ್ಟು ತೆಳು, ಬಾಲದ ತುದಿಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು.

ನನ್ನ ಚಿತ್ರದ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಗೆರೆಯ ಅಭ್ಯಾಸ ಮಾಡಿಸುತ್ತಿದ್ದೆ. ಒತ್ತಿ ಎಳೆಯುವುದು, ಹಗುರ ಬಿಡುವುದು, ಒಂದೇ ಗೆರೆಯಲ್ಲಿ ಎರಡೂ. ಬೆಕ್ಕನ್ನು ಗೋಡೆಗೆ ಅಂಟಿಸಿದೆ. ಮುಂದಿನ ಸಾಲಿನ ಕನ್ನಡಕದ ಹುಡುಗಿ, "ಮೇಡಂ, ಯಾರು ಬರ್ದಿದ್ದು ಇದು? ಎದ್ದು ಹೋಗ್ಬಿಡುತ್ತೇನೋ ಅನ್ಸುತ್ತೆ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗೆರೆ ನೋಡಿ ಯಾರೂ ಹಾಗಂದಿಲ್ಲ. "ಪರಿಚಯದ ಒಬ್ಬ ಟೈಲರ್" ಎಂದೆ. ತಂಗಿ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಸಿಡುಕಿ ಎಲ್ಲರಿಗೂ ಇನ್ನೂ ನೂರು ಗೆರೆ ಎಳೆಯಲು ಹೇಳಿದೆ.

ನಮಗೂ ನೂರೇ ತಾನೆ? ಶಾಲೆಗೆ ಹೊರಡುವ ಮೊದಲು, ಅಪ್ಪ ನಕ್ಷೆ ಬರೆಯುತ್ತಿದ್ದ ಮೇಜಿನ ಮೇಲೆ, ಒಂದು ಉಸಿರಿಗೆ ಒಂದು ಗೆರೆ. ನೀನು ನಲವತ್ತಕ್ಕೇ ಎದ್ದು ಓಡುತ್ತಿದ್ದೆ. ನಾನು ನೂರಿಪ್ಪತ್ತು ಎಳೆಯುತ್ತಿದ್ದೆ. ಅಪ್ಪ ಹಾಳೆ ತಿರುಗಿಸಿ, ಕಣ್ಣು ಮುಚ್ಚಿ, ಹಿಂಬದಿಯಲ್ಲಿ ಬೆರಳಾಡಿಸುತ್ತಿದ್ದರು. ನಿನ್ನದು ನುಣುಪು. ನನ್ನದರಲ್ಲಿ ಗೆರೆಗಳೆಲ್ಲ ಉಬ್ಬಿರುತ್ತಿದ್ದವು. "ದೊಡ್ಡವಳೇ, ಪೆನ್ಸಿಲ್ ಹಿಡ್ದಿದೀಯೋ, ಗುದ್ದಲಿ ಹಿಡ್ದಿದೀಯೋ?" ನೀನು ಬಿದ್ದು ಬಿದ್ದು ನಗುತ್ತಿದ್ದೆ. ಆ ನಗು ಇನ್ನೂ ಚುಚ್ಚುತ್ತದೆ.

ಆದರೂ, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಚಿತ್ರಕಲಾ ಶಾಲೆಗೆ ಕಳಿಸಬಲ್ಲೆ ಎಂದು ಅಪ್ಪ ಒಂದೊಂದು ಹಾಳೆ ಬರೆಸಿದ ಭಾನುವಾರ ಗೆದ್ದವಳು ನಾನು. ನೀನು ಮುಖ ಊದಿಸಲೂ ಇಲ್ಲ. ನನ್ನ ಪೆಟ್ಟಿಗೆ ಕಟ್ಟಿಕೊಟ್ಟೆ.

ಅಪ್ಪ ಆರಾಮಾಗಿದ್ದಾರೆ. ಕಣ್ಣು ಮಾತ್ರ ಮಂಜು. ನಿನ್ನ ಯಜಮಾನರಿಗೆ ನಮಸ್ಕಾರ, ಮಗಳಿಗೆ ದೊಡ್ಡಮ್ಮನ ಮುತ್ತು. ನಿನ್ನ ಕೈ ಸದಾ ಹಗುರವಾಗಿರಲಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ, ನಂಬು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ. ಆ ಭಾನುವಾರ ನೀನು ಹಾಲು ತರಲು ಹೋಗಿದ್ದಾಗ ಅಪ್ಪ ಎರಡರಲ್ಲಿ ಚೆನ್ನಾಗಿದ್ದ ಹಾಳೆ ಎತ್ತಿ "ಇದು ಯಾರ್ದು?" ಎಂದರು. ಅದು ನಿನ್ನದು. "ನಂದು" ಎಂದೆ.

ನಿನ್ನ ಕಾಗದ ಬಂದ ದಿನ ಬೆಕ್ಕನ್ನು ಅಪ್ಪನ ಕೈಗೆ ಕೊಟ್ಟೆ. ತಿರುಗಿಸಿ, ಬೆರಳಾಡಿಸಿ ನಕ್ಕರು. "ಚಿಕ್ಕವಳ ಕೈ. ಆವತ್ತಿನ ಹಾಳೇನೂ ಹೀಗೇ ಇತ್ತು."

ಗೊತ್ತಿದ್ದೂ ನನ್ನನ್ನೇಕೆ ಕಳಿಸಿದಿರಿ ಎಂದು ಕೇಳಿದೆ.

"ಅವಳು ಎಲ್ಲಿದ್ರೂ ಬರೀತಾಳೆ. ಕಳಿಸ್ದೇ ಇದ್ರೆ ನೀನು ಬಿಟ್ಟೇಬಿಡ್ತಿದ್ದೆ ಕಣಮ್ಮ."

ನಿನ್ನಿಂದ ಕದ್ದೆ ಎಂದು ಇಷ್ಟು ವರ್ಷ ಬೆಂದಿದ್ದೆ, ಪುಟ್ಟೀ. ಅಪ್ಪ ಅಯ್ಯೋ ಪಾಪ ಎಂದು ಕೊಟ್ಟಿದ್ದರಂತೆ. ಬೆಕ್ಕು ಇನ್ನೂ ತರಗತಿಯ ಗೋಡೆಯಲ್ಲಿದೆ. ಕೆಳಗೆ ನಿನ್ನ ಹೆಸರು ಬರೆಯಲು ಇವತ್ತೂ ಪೆನ್ಸಿಲ್ ತೆಗೆದೆ. ಇವತ್ತೂ ಬರೆಯಲಿಲ್ಲ.