ಅಮ್ಮ ಹೇಳದ ರಾಣಿ

ಗುರುವಾರ, ಸೆಪ್ಟೆಂಬರ್ ೧೨

ಅಮ್ಮನ ಹೊಟ್ಟೆಯ ‘ಒಂಚೂರು’ ನೋವು ಬೆಳಗಿನಿಂದ ನನ್ನ ತಲೆ ತಿನ್ನುತ್ತಿದೆ.

ಸಂಜೆ ಕ್ಲಬ್ಬಿನ ಬ್ರಿಜ್ ಎಲೆಯಾಟದಲ್ಲಿ ಎಂದಿನಂತೆ ಅವಳೇ ನನ್ನ ಜೋಡಿ. ಬಡಾಯಿ ಕೊಚ್ಚಳು, ಇದ್ದದ್ದನ್ನೂ ಬಿಚ್ಚಳು. ಕೈಯಲ್ಲಿರುವ ಎಲೆಗಳ ಬಲವನ್ನು ಜೋಡಿಗೆ ಸೂಚಿಸುವ ಅವಳ ಸಪ್ಪೆ ಕೂಗು ಕೇಳಿ, ಕಾಣದ ಹದಿಮೂರು ಎಲೆಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಹೇಳದ ಇಸ್ಪೀಟು ರಾಣಿಯನ್ನೂ ಸೇರಿಸಿಕೊಂಡು, ಹದಿಮೂರು ಸುತ್ತಿನಲ್ಲಿ ಹನ್ನೆರಡು ಗೆಲ್ಲಲೇಬೇಕಾದ ಸ್ಲ್ಯಾಮ್ ಕೂಗಿಬಿಟ್ಟೆ. ಆಟದ ನಿಯಮದಂತೆ ಅಮ್ಮ ತನ್ನ ಎಲೆಗಳನ್ನು ಮೇಜಿನ ಮೇಲೆ ಹರಡಿದಳು. ರಾಣಿ ಇದ್ದಳು! ಗೆದ್ದೆವು.

“ನಾನು ಹೇಳೇ ಇರ್ಲಿಲ್ವಲ್ಲೋ, ಹೇಗೆ ಗೊತ್ತಾಯ್ತು?”

“ನೀನು ಯಾವತ್ತು ಪೂರ್ತಿ ಹೇಳಿದ್ದೀಯಮ್ಮ?”

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಮನೆಗೆ ಬರುವಾಗ ನನ್ನ ತೋಳು ಹಿಡಿದು, “ನಾಳೆ ಡಾಕ್ಟರ್ ಹತ್ರ ಹೋಗ್ಬರೋಣ್ವಾ, ಮರಿ?” ಅಂದಳು.

ತಾನಾಗಿ ಡಾಕ್ಟರ ಮಾತೆತ್ತಿದಳೆಂದರೆ ನೋವು ಎಷ್ಟಿರಬೇಕು, ಎಷ್ಟು ದಿನದಿಂದ... ಅವಳ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ. ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಏನೂ ಕೇಳುವುದಿಲ್ಲ, ಸುಮ್ಮನೆ ಅವಳ ಕೈ ಹಿಡಿದುಕೊಳ್ಳುತ್ತೇನೆ.