ಮಿಲ್ಲಿನ ಕೂಗು ನುಂಗಿದ ಮೀನು

ಹೆರನ್ ಕ್ರೀಕ್, ಮಿಷಿಗನ್
ಏಪ್ರಿಲ್ 9, 2019, ಮಂಗಳವಾರ

ಪ್ರೀತಿಯ ಅಮ್ಮ,

ಮೂರು ವರ್ಷದಿಂದ ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ "ಎಲ್ಲ ಕ್ಷೇಮ" ಎಂದು ಎರಡು ಪದ ಗೀಚಿ ಕಳಿಸುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಇಷ್ಟುದ್ದ ಬರೆದಿದ್ದಾಳಲ್ಲ, ಯಾರಿಗೇನಾಯಿತೋ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಮಕ್ಕಳು ಗುಂಡುಕಲ್ಲಿನಂತಿದ್ದಾರೆ. ನಿನ್ನ ಮಂಡಿನೋವು ಹೇಗಿದೆ? ಎಸ್ಕನಾಬಾದಲ್ಲಿ ಹಿಮ ಕರಗಿತೇ? ನಮ್ಮಲ್ಲಿ ಕಿಟಕಿಯ ಅರ್ಧದವರೆಗೆ ಇನ್ನೂ ಹಾಗೇ ಕೂತಿದೆ. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಇರುವವರ ಹಾಗೆ.

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸು. ಪ್ರತಿ ಭಾನುವಾರ ಕಾಗದ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಸಂಜೆಗೆ ಅದರ ಮೇಲೆ ಟಿಲ್ಡಾ ಕುದುರೆ ಬಿಡಿಸಿರುತ್ತಿದ್ದಳು.

ನವೆಂಬರಿನಲ್ಲಿ ಮರದ ಮಿಲ್ಲು ಮುಚ್ಚಿದ್ದು ನಿನ್ನ ಕಿವಿಗೆ ಬಿದ್ದಿರಬೇಕು. ರೇನೊ ಹದಿನಾರು ವರ್ಷ ಗರಗಸದ ಮುಂದೆ ನಿಂತವನು. ಮೊದಲ ವಾರ ಮನೆಯ ಬಾಗಿಲುಗಳನ್ನೆಲ್ಲ ರಿಪೇರಿ ಮಾಡಿದ. ಎರಡನೇ ವಾರ ರಿಪೇರಿ ಬೇಡದ ಬಾಗಿಲುಗಳನ್ನೂ ಮಾಡಿದ. ಮೂರನೇ ವಾರದಿಂದ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತವನು ಮಾರ್ಚ್‌ವರೆಗೆ ಏಳಲಿಲ್ಲ ಎನ್ನಬೇಕು. ಊಟದ ಮುಂಚೆ ಪ್ರಾರ್ಥನೆ ಹೇಳುವುದನ್ನೂ ಬಿಟ್ಟ. "ಸಾನಾ, ನೀನೇ ಹೇಳಮ್ಮ" ಎಂದು ತಟ್ಟೆ ನೋಡುತ್ತಾ ಕೂರುತ್ತಿದ್ದ. ಒಂಬತ್ತು ವರ್ಷದ ಸಾನಾ ಪಾದ್ರಿಗಳಿಗಿಂತ ಉದ್ದ ಹೇಳುತ್ತಾಳೆ. ಸಾರು ಆರಿ ಹೋಗುತ್ತಿತ್ತು.

ನಾವು ಹಸಿದಿರಲಿಲ್ಲ, ಅದು ಗೊತ್ತಿರಲಿ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಜಿಂಕೆಯ ಅರ್ಧ ತೊಡೆ. ಯಾರಿಟ್ಟರೆಂದು ಹೇಳುವವರಿಲ್ಲ. ಪಕ್ಕದ ಮನೆಯ ಔನೆ ಅಜ್ಜಿ ಮಾತ್ರ ಮುಚ್ಚುಮರೆಯಿಲ್ಲದೆ ಬಂದು ಬ್ಲೂಬೆರಿ ಮುರಬ್ಬದ ಆರು ಬಾಟಲಿ ಇಟ್ಟು, "ಹೋದ ವರ್ಷದ್ದು, ಖಾಲಿ ಮಾಡ್ಕೊಡ್ರೇ, ಇಲ್ದಿದ್ರೆ ನಾನೇ ತಿಂದು ಸಾಯ್ತೀನಿ, ಸಕ್ಕರೆ ಕಾಯಿಲೆ ನಂಗೆ" ಎಂದು ಬೈದು ಹೋದರು. ಹೀಗೆ ಬೈಗುಳದಲ್ಲೂ ದೇವರು ಅನ್ನ ಕಳಿಸುತ್ತಾನೆ ಎಂದು ಈ ಚಳಿಗಾಲದಲ್ಲಿ ಕಲಿತೆ.

ಈಗ ಅಸಲು ಸುದ್ದಿ. ಮೊಮ್ಮಕ್ಕಳು ನಾಟಕ ಆಡಿದರು! ಬೊಂಬೆ ನಾಟಕ. ಮೊನ್ನೆ ಶನಿವಾರ, ಚರ್ಚಿನ ನೆಲಮಾಳಿಗೆಯಲ್ಲಿ, ಮಿಲ್ಲಿನ ಮನೆಗಳವರೆಲ್ಲ ತಮ್ಮ ತಮ್ಮ ಪಾತ್ರೆ ತಂದು ಒಟ್ಟಿಗೆ ಊಟ ಮಾಡುವ ದಿನ.

ಕಥೆ ಎಲಿಯಸ್‌ನದು. ಹನ್ನೊಂದು ತುಂಬಿತು ಅವನಿಗೆ, ನನ್ನ ಭುಜದೆತ್ತರ ಬಂದಿದ್ದಾನೆ. ಫೆಬ್ರವರಿಯಲ್ಲಿ ಒಂದು ದಿನ, ಶಾಲೆಯ ಬದಲು ಮನೆಯಲ್ಲೇ ನಾನು ಮಕ್ಕಳಿಗೆ ಪಾಠ ಹೇಳುವ ಮೇಜಿನ ಮುಂದೆ ಕೂತಿದ್ದವನು ತಲೆಯೆತ್ತಿ, "ಅಮ್ಮಾ, ಮಿಲ್ಲಿನ ಕೂಗು ಎಲ್ಲಿಗೆ ಹೋಯ್ತು?" ಎಂದ. ನಿನಗೆ ನೆನಪಿದೆಯಲ್ಲ, ಕೆಲಸದ ಹೊತ್ತು ತಿಳಿಸುವ ಮಿಲ್ಲಿನ ಸೈರನ್ನು ದಿನಕ್ಕೆ ನಾಲ್ಕು ಸಲ ಇಡೀ ಊರು ನಡುಗುವ ಹಾಗೆ ಕೂಗುತ್ತಿತ್ತು. ನೀನು ಮೊದಲ ಸಲ ಬಂದಾಗ ಕಾಫಿ ಚೆಲ್ಲಿಕೊಂಡಿದ್ದೆ. ಮುಚ್ಚಿದ್ದಕ್ಕೆ ನಿಂತಿತು ಎಂದೆ. "ಅಲ್ಲ. ಸರೋವರದ ದೊಡ್ಡ ಮೀನು ನುಂಗಿಬಿಟ್ಟಿದೆ. ಮೂರು ಮಕ್ಕಳು ಹೊಟ್ಟೆಯೊಳಗೆ ಹೋಗಿ ಅದನ್ನ ವಾಪಸ್ ತರ್ಬೇಕು" ಎಂದ. ಅವನು ಹೇಳುತ್ತಾ ಹೋದ, ಸಾನಾ ಬರೆದುಕೊಳ್ಳುತ್ತಾ ಹೋದಳು. ಸಂಜೆಗೆ ಹದಿನಾಲ್ಕು ಪುಟ.

ಆಮೇಲೆ ನಮ್ಮ ಮನೆಯಲ್ಲಿ ಬೇರೆ ಪಾಠವೇ ಇಲ್ಲ. ಮೀನಿನ ಉದ್ದ ಅಳೆಯುವುದೇ ಲೆಕ್ಕ, ಅದು ಯಾವ ದಾರಿಯಲ್ಲಿ ಈಜಿತೆಂದು ನಕ್ಷೆ ಬಿಡಿಸುವುದೇ ಭೂಗೋಳ. ಎಲಿಯಸ್ ದೇವದಾರು ತುಂಡುಗಳಲ್ಲಿ ಹನ್ನೆರಡು ಬೊಂಬೆ ಕೆತ್ತಿದ. ಔನೆ ಅಜ್ಜಿಯ ಬೊಂಬೆಯ ಮೂಗು ಎಷ್ಟು ಸರಿಯಾಗಿ ಬಂದಿತ್ತೆಂದರೆ ಸ್ವಲ್ಪ ಉಜ್ಜಿ ಚಿಕ್ಕದು ಮಾಡಲು ನಾನೇ ಹೇಳಬೇಕಾಯಿತು. ಮೀನಿಗೆ ಹಳೇ ಡೇರೆಯ ಬಟ್ಟೆ. ಬಾಲಕ್ಕೆ ಹಿಮ ಎತ್ತುವ ಸಲಿಕೆ. ಮೈಮೇಲಿನ ಹುರುಪೆಗೆ ಚರ್ಚಿನ ಹೆಂಗಸರು ಉಪ್ಪಿನಕಾಯಿ ಬಾಟಲಿಗಳ ಮುಚ್ಚಳ ಕೂಡಿಸಿ ಕೊಟ್ಟರು, ನಾನೂರು ಮುಚ್ಚಳ. ಐದು ವರ್ಷದ ಟಿಲ್ಡಾ ಒಂದೊಂದಕ್ಕೂ ಹೆಸರಿಟ್ಟಳು.

ದವಡೆ ಮಾತ್ರ ತೆರೆಯಲಿಲ್ಲ. ಮೂರು ದಿನ ಒದ್ದಾಡಿ ಎಲಿಯಸ್ ಒಲೆಯ ಮುಂದೆ ಬಂದು ನಿಂತ.

"ಅಪ್ಪಾ, ಬಾಯಿ ಕಚ್ಕೊಂಡಿದೆ."

"ಯಾರದು?"

"ಮೀನಿಂದು. ರಾಟೆ ತಿರುಗ್ತಿಲ್ಲ."

"ಹಗ್ಗ ಒಳಗಿಂದ ಬಿಟ್ಟಿದೀಯಾ, ಹೊರಗಿಂದನಾ?"

"ಹೊರಗಿಂದ."

"ಪೆದ್ದ, ಹೊರಗಿಂದ ಬಿಟ್ರೆ ಹೇಗೋ ತೆರೆಯತ್ತೆ?" ಎಂದವನೇ ಎದ್ದು ಕೋಟು ಹಾಕಿಕೊಂಡ. ಶೆಡ್ಡಿಗೆ ಹೋದ ಅಪ್ಪ ಮಗ ಊಟಕ್ಕೆ ಕರೆದರೂ ಬರಲಿಲ್ಲ. ನಾನು ತಟ್ಟೆ ಅಲ್ಲಿಗೇ ತೆಗೆದುಕೊಂಡು ಹೋದೆ. ಇಬ್ಬರ ತಲೆಗೂದಲ ತುಂಬ ಮರದ ಹೊಟ್ಟು. ಅಮ್ಮ, ಆ ಹೊಟ್ಟಿನ ವಾಸನೆ ನಾಲ್ಕು ತಿಂಗಳಿಂದ ಅವನ ಮೈಮೇಲೆ ಇರಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಸ್ವಲ್ಪ ಅತ್ತೆ.

ಈ ನಡುವೆ ಟಿಲ್ಡಾಳ ಪ್ರಾರ್ಥನೆ ಊರಲ್ಲೆಲ್ಲ ಹಬ್ಬಿತು. "ದೇವ್ರೇ, ನಮ್ಮಪ್ಪಂಗೆ ಕೆಲಸ ಕೊಡು. ಆದ್ರೆ ಶನಿವಾರ ಕೊಡ್ಬೇಡ, ಅವತ್ತು ಅಪ್ಪ ಮೀನಿನ ಬಾಯಿ ತೆಗೀಬೇಕು. ಆಮೆನ್." ನಾನು ನಗು ತಡೆಯಲಾರದೆ ಕೆಮ್ಮಿದೆ. ಅವಳು ಕಣ್ಣು ಬಿಟ್ಟು, "ಅಮ್ಮಾ, ದೇವ್ರು ಬರ್ಕೊತಿದಾನೆ, ಸುಮ್ನಿರು" ಎಂದಳು.

ಶನಿವಾರ ಬಂತು. ನೂರಾ ಹತ್ತು ಜನ, ಅಮ್ಮ. ಕೂರಲು ಜಾಗವಿಲ್ಲದೆ ಮೆಟ್ಟಿಲ ಮೇಲೂ ನಿಂತಿದ್ದರು. ಎಲಿಯಸ್ ಪರದೆಯ ಹಿಂದೆ ಏಳು ದನಿಗಳಲ್ಲಿ ಮಾತಾಡಿದ, ಒಂದು ಸಾಲೂ ತಪ್ಪಲಿಲ್ಲ. ಮೂರನೇ ಅಂಕದಲ್ಲಿ ಟಿಲ್ಡಾ ಮೀನಿನ ಹೊಟ್ಟೆಯಿಂದ ತೆವಳಿಕೊಂಡು ಹೊರಬರಬೇಕು. ಬರಲಿಲ್ಲ. ಸಾನಾ ಪಿಸುದನಿಯಲ್ಲಿ, "ಬಾರೇ!" ಎಂದಳು. ಒಳಗಿಂದ ಗಟ್ಟಿಯಾಗಿ ಉತ್ತರ: "ನಾ ಬರಲ್ಲ! ಇಲ್ಲಿ ಬೆಚ್ಚಗಿದೆ! ನೀವೇ ಬನ್ನಿ!" ಜನ ಬೆಂಚು ತಟ್ಟಿ ತಟ್ಟಿ ನಕ್ಕರು. ಔನೆ ಅಜ್ಜಿಗೆ ನೀರು ಕುಡಿಸಬೇಕಾಯಿತು.

ಕೊನೆಗೆ ಮೀನು ಬಾಯಿ ತೆರೆದು ಕೂಗನ್ನು ಉಗುಳಬೇಕು. ರೇನೊ ಶೆಡ್ಡಿನಲ್ಲಿ ಕೊಳವೆ ಕೊಯ್ದು ಒಂದು ಪೀಪಿ ಮಾಡಿದ್ದ, ನಮಗ್ಯಾರಿಗೂ ಹೇಳಿರಲಿಲ್ಲ. ಪರದೆಯ ಹಿಂದಿನಿಂದ ಎದೆಯುಸಿರನ್ನೆಲ್ಲ ಹಾಕಿ ಊದಿದ. ಅದೇ ದನಿ, ಅಮ್ಮ. ಅದೇ! ಮುಂದಿನ ಸಾಲಿನಲ್ಲಿದ್ದ ಮಿಲ್ಲಿನ ಗಂಡಸರು ನಾಲ್ಕೈದು ಜನ ತಮಗೆ ಗೊತ್ತಿಲ್ಲದೆ ಎದ್ದು ನಿಂತುಬಿಟ್ಟರು. ಒಬ್ಬರು ಕುರ್ಚಿಯ ಕೆಳಗೆ ಊಟದ ಡಬ್ಬಿಗೆ ಕೈ ಹಾಕಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕೆಲವರು ಕಣ್ಣೊರೆಸಿಕೊಂಡರು.

ಚಪ್ಪಾಳೆ ನಿಂತ ಮೇಲೆ ಪಾದ್ರಿ ಹಲ್ವರ್ ಎಲಿಯಸ್‌ನನ್ನು ಮುಂದೆ ಕರೆದು, ಪ್ರಾರ್ಥನೆ ಪುಸ್ತಕ ತೆರೆದು ಕೈಗಿತ್ತು, "ಮಗೂ, ಈ ಪುಟ ಓದಿ ನಮ್ಮನ್ನೆಲ್ಲ ಮನೆಗೆ ಕಳಿಸಪ್ಪ" ಎಂದರು. ಅವನು ಪುಟವನ್ನು ಬಹಳ ಹೊತ್ತು ನೋಡಿದ. ಆಮೇಲೆ ನಿಧಾನವಾಗಿ ಶುರುಮಾಡಿದ: "ದೇವರೇ, ನಮ್ಮೂರು ಸುಮ್ನಾಗಿದೆ. ನಿಂಗೆ ಸುಮ್ನಿರೋದೂ ಕೇಳಿಸುತ್ತೆ ಅಂತಾರೆ. ಹಾಗಿದ್ರೆ ಕೇಳು." ಪುಸ್ತಕದಲ್ಲಿ ಅಂಥದ್ದೇನೂ ಇರಲಿಲ್ಲ, ಎಲ್ಲ ಅವನ ಸ್ವಂತದ್ದು! ಪಾದ್ರಿಗಳು ಅವನ ತಲೆ ಸವರಿ, "ಇವನಿಗೆ ಪುಸ್ತಕ ಯಾಕೆ ಬೇಕು!" ಎಂದರು. ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಸೋಮವಾರ ಬೆಳಿಗ್ಗೆ ರಸ್ತೆ ಇಲಾಖೆಯಿಂದ ರೇನೊಗೆ ಫೋನು ಬಂತು. ವಾರಕ್ಕೆ ಮೂರು ದಿನ, ಈಗ ಹಿಮ ತಳ್ಳುವ ಗಾಡಿ, ಬೇಸಿಗೆಯಲ್ಲಿ ಗುಂಡಿ ಮುಚ್ಚುವುದು. ದೊಡ್ಡದೇನಲ್ಲ, ಆದರೆ ನಿನ್ನೆ ಊಟದ ಮುಂಚೆ ಅವನೇ ಕೈ ಮುಗಿದು ಪ್ರಾರ್ಥನೆ ಹೇಳಿದ. ಎರಡೇ ಸಾಲು. ಸಾರು ಬಿಸಿಯಾಗಿಯೇ ಇತ್ತು. ಟಿಲ್ಡಾ ಮಾತ್ರ ಬೆರಳೆಣಿಸಿ, "ನೋಡಿದ್ಯಾ, ದೇವ್ರು ಶನಿವಾರ ಬಿಟ್ಟು ಕೆಲಸ ಕೊಟ್ಟ" ಎಂದಳು.

ಅಮ್ಮ, ನಿನ್ನ ಆರೋಗ್ಯ ನೋಡಿಕೋ. ಮಂಡಿಗೆ ಬೆಚ್ಚಗೆ ಏನಾದರೂ ಕಟ್ಟಿಕೋ. ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ, ರೇನೊ ನಮಸ್ಕಾರ ಹೇಳಿದ್ದಾನೆ. ದೇವರು ನಿನ್ನ ಮನೆಯ ಒಲೆಯನ್ನು ಬೆಚ್ಚಗಿಡಲಿ, ಬಾಗಿಲಿಗೆ ಒಳ್ಳೆಯವರನ್ನೇ ಕಳಿಸಲಿ.

ನಿನ್ನ ಮಗಳು,
ಕರಿನ್

ಮರೆತ ಮಾತು: ಮರೆತದ್ದಲ್ಲ, ಅಮ್ಮ. ಇದನ್ನು ಬರೆಯಲೆಂದೇ ಕೂತವಳು ಐದು ಹಾಳೆ ಸುತ್ತಿ ಬಂದೆ.

ಶನಿವಾರ ಎಲ್ಲರೂ ಅಪ್ಪಿಕೊಂಡು ಹೊಗಳುತ್ತಿದ್ದಾಗ ಎಲಿಯಸ್ ಕಾಣಲಿಲ್ಲ. ಹುಡುಕಿದರೆ ಕೋಟು ನೇತುಹಾಕುವ ಕೋಣೆಯಲ್ಲಿ, ಒದ್ದೆ ಬೂಟುಗಳ ನಡುವೆ ಕೂತಿದ್ದ.

"ಅಮ್ಮಾ, ಚರ್ಚಲ್ಲಿ ಸುಳ್ಳು ಹೇಳ್ದೆ."

"ಏನು ಸುಳ್ಳು, ಕಂದಾ?"

"ಓದೋ ಹಾಗೆ ನಟಿಸ್ದೆ. ನಂಗೆ ಓದೋಕೆ ಬರಲ್ಲ ಅಂತ ದೇವ್ರಿಗೆ ಗೊತ್ತು. ನಿಂಗೂ ಗೊತ್ತು. ಮತ್ತೆ ಯಾರೂ ಯಾಕಮ್ಮ ಹೇಳಲ್ಲ?"

ನನಗೆ ಗೊತ್ತಿತ್ತು. ನಾಟಕದ ಸಾಲುಗಳನ್ನೆಲ್ಲ ಅವನು ಸಾನಾಳ ಬಾಯಿಂದ ಕೇಳಿ ಕಲಿತದ್ದು. ನಾಲ್ಕು ಪದ ಕೂಡಿಸಿ ಓದುವಷ್ಟರಲ್ಲಿ ಹಣೆಯಲ್ಲಿ ಬೆವರು. ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಟಿಲ್ಡಾ ಓಟ್ಸ್ ಡಬ್ಬಿಯ ಮೇಲಿನದನ್ನು ಗಡಗಡ ಓದಿದಳು. ಅವನು ಎದ್ದು ಹೊರಗೆ ಹೋಗಿ ಮಧ್ಯಾಹ್ನದವರೆಗೆ ಸೌದೆ ಒಡೆದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ದೇವರು ತನ್ನ ಸಮಯಕ್ಕೆ ಕಲಿಸುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಂಬಿಕೆ ಅಂದುಕೊಂಡಿದ್ದೆ. ಅರ್ಧ ನಂಬಿಕೆ, ಅರ್ಧ ಜಂಬ.

ಮೂರು ವರ್ಷದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ದಿನ, ನನ್ನ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ ನೀನು ಮೆಲ್ಲಗೆ ಹೇಳಿದೆ: "ಕರಿನ್, ಮಗೂಗೆ ಅಕ್ಷರ ಹತ್ತುತಾ ಇಲ್ಲ ಕಣೆ. ಮೂವತ್ತೊಂದು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದೀನಿ, ಇಂಥ ಮಕ್ಕಳನ್ನ ನೋಡಿದೀನಿ. ದಡ್ಡ ಅಲ್ಲ ಅವನು. ಬೇರೆ ಥರ ಕಲಿಸ್ಬೇಕು ಅಷ್ಟೆ." ಅದಕ್ಕೆ ನಾನು, "ನನ್ನ ಮಗನ್ನ ಅಳೆಯೋಕೆ ಬರೋದಾದ್ರೆ ಈ ಮನೆಗೆ ಬರ್ಲೇಬೇಡ" ಎಂದೆ. ನೀನು ಬಟ್ಟೆ ಮಡಿಸಿಟ್ಟು ಹೊರಟುಹೋದೆ. ಅಷ್ಟೇ ಆಗಿದ್ದರೆ ಬೇರೆ. ರೇನೊಗೆ, ಮಕ್ಕಳಿಗೆ, ಚರ್ಚಿನವರಿಗೆ, "ಅಮ್ಮ ನಮ್ಮ ನಂಬಿಕೆಯನ್ನು ಹೀಯಾಳಿಸಿದಳು" ಎಂದು ಹೇಳಿದೆ. ನೀನು ಹಾಗೆ ಒಂದಕ್ಷರವೂ ಆಡಿರಲಿಲ್ಲ. ನಿನ್ನೆ ರೇನೊ ಮತ್ತು ಮಕ್ಕಳನ್ನು ಕೂರಿಸಿಕೊಂಡು ನಿಜ ಹೇಳಿದೆ. ರೇನೊ, "ಪಾಪ, ಆ ಮುದುಕಿ ಮೂರು ಕ್ರಿಸ್‌ಮಸ್ ಒಬ್ಬಳೇ ಕೂತಳಲ್ಲೇ" ಎಂದ. ಭಾನುವಾರ ಚರ್ಚಿನಲ್ಲೂ ಹೇಳುತ್ತೇನೆ.

ಬರುತ್ತೀಯಾ, ಅಮ್ಮ? ನಮ್ಮ ಪಾಠದ ಮೇಜಿನಲ್ಲೇ ಕಲಿಸು. ಇದು ಮನೆಯಲ್ಲಿ ಆಗಲ್ಲ, ಇವನಿಗೆ ಶಾಲೆಯೇ ಬೇಕು ಎಂದು ನಿನಗನ್ನಿಸಿದರೆ ಅದನ್ನೂ ಕೇಳುತ್ತೇನೆ. ರೇನೊಗೆ ಶುಕ್ರವಾರ ರಜೆ, ಗಾಡಿ ತರುತ್ತಾನೆ. ನಿನ್ನನ್ನು ಕರೆಯುತ್ತೇನೆಂದಾಗ ಎಲಿಯಸ್, "ಅಜ್ಜಿ ತುಂಬಾ ಬೈತಾರಾ?" ಎಂದ. "ಬೈತಾರೆ" ಎಂದೆ. "ಸರಿ, ಬರ್ಲಿ. ಅಕ್ಷರಕ್ಕೂ ಬೈಲಿ" ಎಂದ.

ಲಕೋಟೆಯ ಮೇಲಿನ ವಿಳಾಸ ಅವನದೇ ಕೈಬರಹ. ತಾನೇ ಬರೆಯುತ್ತೇನೆಂದು ಹಟ ಹಿಡಿದ, ಮುಕ್ಕಾಲು ಗಂಟೆ ಹಿಡಿಯಿತು. ಒಂದೆರಡು ಅಕ್ಷರ ಬೆನ್ನು ತಿರುಗಿಸಿ ನಿಂತಿವೆ. ನಾನು ತಿದ್ದಲಿಲ್ಲ. ಈ ಕಾಗದ ನಿನ್ನ ಕೈ ಸೇರಿದ್ದರೆ, ಅವನು ಬರೆದದ್ದನ್ನು ಅಂಚೆಯವರು ಓದಿದ್ದಾರೆ ಎಂದರ್ಥ. ಬಂದಾಗ ಅದನ್ನು ಮೊದಲು ಅವನಿಗೆ ಹೇಳು.