ಹನ್ನೊಂದು ಶುಕ್ರವಾರಗಳ ಎಳೆ

ಬೆಂಗಳೂರು
10 ಜುಲೈ 2024, ಬುಧವಾರ

ಅವ್ವಾ,

ನಿನ್ನ ಕಾಂಚನಾ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಕೂಸು ಹಾಲು ಕುಡಿದು ಈಗಷ್ಟೇ ಮಲಗಿದೆ. ಇಲ್ಲಿ ಆಸ್ಪತ್ರೆಯಲ್ಲಿ ಫೋನು ನಿನ್ನ ಅಳಿಯನ ಕೈಯಲ್ಲಿರುತ್ತದೆ. ಅತ್ತೆ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾರೆ. ಅಲ್ಲಿ ನೀನೂ ಅಷ್ಟೇ, ಫೋನನ್ನು ತಂಗಿ ಸ್ವಪ್ನಳ ಕೈಗೆ ಕೊಟ್ಟು ಮಗ್ಗದ ಕೋಣೆಯವರಿಗೆಲ್ಲ ಕೇಳಿಸುತ್ತೀಯ. ಸೀರೆ ಕೊಡಲು ಬಂದಿರುವ ಮಾರಣ್ಣ ಮಾವ ನಾಳೆ ಸಂಜೆ ಮೊಳಕಾಲ್ಮೂರಿಗೆ ಹೊರಡುತ್ತಾರಂತೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನೀನೊಬ್ಬಳೇ ಓದು. ಸ್ವಪ್ನಳಿಂದ ಓದಿಸಬೇಡ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೂಸಿಗೆ ಆಪರೇಷನ್. ನಿನ್ನೆ ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಎಲ್ಲರ ಮೆದುಳಿನ ಒಳಗೂ ನೀರು ಹುಟ್ಟುತ್ತದಂತೆ, ಹರಿದು ಹೊರಬಂದು ರಕ್ತದಲ್ಲಿ ಸೇರುತ್ತದಂತೆ. ಮಾರ್ಚ್‌ನಲ್ಲಿ, ಕೂಸಿಗೆ ಇನ್ನೂ ತಿಂಗಳು ತುಂಬುವ ಮೊದಲು ಜ್ವರ ಬಂದಿತ್ತಲ್ಲ, ಆಗ ಒಳಗೆ ಸೋಂಕಾಗಿ ಆ ದಾರಿ ಮುಚ್ಚಿಕೊಂಡಿರಬೇಕು ಎಂದರು. ನೀರು ಹುಟ್ಟುವುದು ನಿಂತಿಲ್ಲ, ಹೋಗುವುದು ಮಾತ್ರ ನಿಂತಿದೆ. ಅದಕ್ಕೇ ತಲೆ ದೊಡ್ಡದಾಗುತ್ತಿದೆ, ನೆತ್ತಿ ಉಬ್ಬಿದೆ, ಕಣ್ಣುಗುಡ್ಡೆ ಕೆಳಗಿಳಿದು ಮೇಲೆ ಬಿಳಿ ಕಾಣುತ್ತಿದೆ. ಈ ವಯಸ್ಸಿಗೆ ತಲೆಯ ಸುತ್ತಳತೆ ನಲವತ್ತೆರಡು ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕಿತ್ತು. ನಮ್ಮ ಕೂಸಿನದು ನಲವತ್ತೇಳೂವರೆ.

ಎರಡು ದಾರಿ ಇದೆ ಎಂದರು. ಒಂದು, ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಸಣ್ಣ ಕೊಳವೆ ಹಾಕುವುದು. ಎಲ್ಲ ಕಡೆ ಹೆಚ್ಚಾಗಿ ಮಾಡುವುದು ಅದನ್ನೇ. ಆದರೆ ಕೊಳವೆ ಯಾವತ್ತಾದರೂ ಕಟ್ಟಿಕೊಳ್ಳಬಹುದು, ಕಟ್ಟಿಕೊಂಡರೆ ತಕ್ಷಣ ಇಂಥ ಆಸ್ಪತ್ರೆಗೆ ತರಬೇಕು. ಪಕ್ಕದ ಮಂಚದಲ್ಲಿ ಪರಶುರಾಂಪುರದ ನಿರ್ಮಲಾ ಎಂಬುವಳು ಇದ್ದಾಳೆ. ಅವಳ ಎರಡು ವರ್ಷದ ಮಗನಿಗೆ ಕೊಳವೆ ಹಾಕಿ ಮೂರು ಸಲ ಬದಲಾಯಿಸಿದ್ದಾರೆ. "ನಮ್ಮ ಬೋರ್‌ವೆಲ್ ಮೋಟ್ರು ಇದ್ದಂಗೆ ಕಣಕ್ಕ, ಯಾವಾಗ ಕೈ ಕೊಡ್ತೈತೋ ಹೇಳಂಗಿಲ್ಲ. ಮೋಟ್ರಾದ್ರೆ ನಾಳೆ ಎತ್ತಿಸ್ಬೋದು. ಇದಕ್ಕೆ ನಾಳೆ ಅನ್ನೋದಿಲ್ಲ" ಎಂದು ನಕ್ಕಳು. ನಕ್ಕಿದ್ದು ನನಗಾಗಿ. ಮೂರನೇ ಸಲ ಚಳ್ಳಕೆರೆಯಲ್ಲಿ ಆಂಬುಲೆನ್ಸ್ ಸಿಗದೆ ಈರುಳ್ಳಿ ಲಾರಿಯ ಮುಂದಿನ ಸೀಟಿನಲ್ಲಿ ಮಗನನ್ನು ತಂದಳಂತೆ.

ಎರಡನೆಯದು, ನೆತ್ತಿಯ ಮೆತ್ತನೆಯ ಜಾಗದಿಂದ ಪೆನ್ಸಿಲಿನಷ್ಟು ದಪ್ಪದ ದುರ್ಬೀನು ಇಳಿಸಿ, ಒಳಗಿನ ತಳದಲ್ಲಿ ಒಂದು ತೂತು ಮಾಡಿ ನೀರಿಗೆ ಬೇರೆ ದಾರಿ ಕೊಡುವುದು, ಜೊತೆಗೆ ನೀರು ಹುಟ್ಟಿಸುವ ಪೊರೆಯನ್ನು ಸ್ವಲ್ಪ ಸುಡುವುದು. ಕೊಳವೆಯೇ ಬೇಡ. ಆಸ್ಪತ್ರೆ ದೂರ ಇರುವವರಿಗೆ ಇದು ಆದರೆ ಒಳ್ಳೆಯದು ಎಂದರು. ಆದರೆ ಸೋಂಕಿನಿಂದ ಹೀಗಾದವರಲ್ಲಿ ಹತ್ತಕ್ಕೆ ಐದು ಕೂಸುಗಳಿಗೆ ಮಾತ್ರ ಆ ದಾರಿ ತೆರೆದೇ ಉಳಿಯಬಹುದು. ಉಳಿದ ಐದಕ್ಕೆ ಕೆಲವೇ ತಿಂಗಳಲ್ಲಿ ದಾರಿ ಮತ್ತೆ ಮುಚ್ಚಿ ಕೊಳವೆಯೇ ಗತಿ.

ನಿನ್ನ ಅಳಿಯ ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಎಂಟು ವರ್ಷ ವೈರಿಂಗ್ ಮಾಡಿದವರು. ಯಾವ ಡಬ್ಬ ಬಿಚ್ಚಲೂ ಹೆದರಿದವರಲ್ಲ. ಒಪ್ಪಿಗೆಯ ಹಾಳೆಯನ್ನು ಮಾತ್ರ ನನ್ನ ಮುಂದೆ ಸರಿಸಿದರು. "ನೀನು ಹೇಳಿದ್ದಕ್ಕೆ ಸೈನ್ ಹಾಕ್ತೀನಿ" ಎಂದರು. ನಾನು ತೂತು ಎಂದೆ. ನಿರ್ಮಲಾಳ ಲಾರಿಯ ಮಾತು ಕೇಳಿ ಹೇಳಿದೆನೇ ಹೊರತು ತಿಳಿದು ಹೇಳಲಿಲ್ಲ ಅವ್ವಾ. ಹೇಳಿದಾಗಿನಿಂದ ನಮ್ಮ ಬೀದಿಯ ಮೂಗಮ್ಮನ ಮೊಮ್ಮಗುವೇ ಕಣ್ಣ ಮುಂದೆ ಬರುತ್ತದೆ. ಅದರ ತಲೆ ನೋಡಲು ಜನ ಬೇರೆ ಬೀದಿಗಳಿಂದ ಬರುತ್ತಿದ್ದರು. ವರ್ಷ ತುಂಬಲಿಲ್ಲ ಅದಕ್ಕೆ.

ಇನ್ನೊಂದು ವಿಷಯ. ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ದರು, ತಲೆ ಬೆಳೆಯುವುದು ಯಾವಾಗ ಗೊತ್ತಾಯಿತು ಎಂದು. ಗಂಡನ ಮನೆಗೆ, ಚಳ್ಳಕೆರೆಗೆ ಬಂದ ಮೇಲೆ, ಜೂನ್‌ನಲ್ಲಿ ಎಂದೆ. ಅತ್ತೆ ಅಲ್ಲೇ ಇದ್ದರು. "ಬಾಣಂತನ ಮಾಡ್ದೋರು ಮೂರು ತಿಂಗ್ಳು ಎತ್ತಿ ಆಡ್ಸಿದ್ರಲ್ಲ, ಶುಕ್ರವಾರ ಶುಕ್ರವಾರ ಎಳೆ ಹಿಡಿದು ಅಳೀತಿದ್ರಂತಲ್ಲ, ಏನಳೆದ್ರೋ" ಎಂದರು. ಈ ಮಾತು ನಿನಗೂ ಫೋನಿನಲ್ಲಿ ಹೇಳಿದ್ದಾರೆಂದು ಸ್ವಪ್ನ ಹೇಳಿದಳು. ಅಂದಿನಿಂದ ನೀನು ಮಗ್ಗಕ್ಕೆ ಕೂತಿಲ್ಲವಂತೆ. ನನ್ನ ಕಣ್ಣು ಹೋಗೈತೆ, ಇನ್ನ ಎಳೆ ಮುಟ್ಟಲ್ಲ ಅಂದೆಯಂತೆ.

ಅದನ್ನು ಕೇಳಿದಾಗಿನಿಂದ ಆ ಎಳೆಗಳ ಡಬ್ಬಿಯೇ ಕಣ್ಣಿಗೆ ಕಟ್ಟಿದೆ. ನಮ್ಮ ಮನೆಯ ಪದ್ಧತಿ, ಹುಟ್ಟಿದ ಕೂಸಿಗೆ ಶುಕ್ರವಾರ ಎಣ್ಣೆನೀರು ಹಾಕಿ, ತಲೆಯ ಸುತ್ತ ರೇಷ್ಮೆ ಎಳೆ ಹಿಡಿದು, ಸರಿಯಾಗಿ ಅಷ್ಟೇ ಕತ್ತರಿಸಿ ಡಬ್ಬಿಯಲ್ಲಿಡುವುದು. ಐದನೇ ತಿಂಗಳಲ್ಲಿ ಎಲ್ಲ ಎಳೆ ಸೇರಿಸಿ ಹೊಸೆದು ಉಡಿದಾರ ಕಟ್ಟುವುದು. ನನಗೂ ಸ್ವಪ್ನಳಿಗೂ ಕಟ್ಟಿದ್ದೆ. ಈ ಕೂಸಿಗೆ ಮಾರ್ಚ್ ಹದಿನೈದರಿಂದ ಮೇ ಇಪ್ಪತ್ತನಾಲ್ಕರವರೆಗೆ ಹನ್ನೊಂದು ಎಳೆ.

ಮೇ ಹದಿನೆಂಟಕ್ಕೆ ಅಂಗನವಾಡಿಯ ದುರುಗಕ್ಕ ಬಂದು ಟೇಪು ಹಿಡಿದಾಗ ನೀನು ಅದೇ ಡಬ್ಬಿ ತೆರೆದೆ. "ಯರ್ರಮ್ಮಾ, ತಲೆ ಕಾರ್ಡಿನ ಗೆರೆ ದಾಟೈತೆ ಕಣವ್ವ, ದೊಡ್ಡಾಸ್ಪತ್ರೆಗೆ ತೋರ್ಸಿ" ಎಂದು ಅವಳು ನಿನಗೆ ಹೇಳಿದರೆ, ನೀನು ಎಳೆಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿ, "ನೋಡು, ವಾರ ವಾರಕ್ಕೆ ಎಳ್ಳಷ್ಟು ಎಳ್ಳಷ್ಟೇ ಬೆಳೆದೈತೆ. ನಿನ್ನ ಟೇಪೇ ಒಗೆದೂ ಒಗೆದೂ ಮೊಟಕಾಗೈತೆ. ನಲವತ್ತು ವರ್ಷ ಎಳೆ ಹಿಡಿದೋಳಿಗೆ ಅಳತೆ ಹೇಳ್ಕೊಡ್ತೀಯಾ" ಅಂದೆ. ಎಲ್ಲರೂ ನಕ್ಕರು. ದುರುಗಕ್ಕ ಟೇಪು ಸುತ್ತಿಕೊಂಡು ಹೋದಳು. ನೀನು ನನ್ನ ಕಡೆ ತಿರುಗಿ, "ಏಮೀ ಕಾದು ಬಿಡ್ಡಾ, ಏನೂ ಆಗಲ್ಲ" ಅಂದೆ. ನಾನು ಬಾಗಿಲಲ್ಲಿ ನಿಂತಿದ್ದೆ.

ನಿನ್ನ ಕಣ್ಣು ಚೆನ್ನಾಗಿದೆ ಅವ್ವಾ. ಮಗ್ಗಕ್ಕೆ ಕೂರು. ಡಬ್ಬಿಯನ್ನು ಮಾತ್ರ ಬಿಸಾಡಬೇಡ.

ಕೂಸು ಎದ್ದಿತು. ಉಳಿದದ್ದು ನಾಳೆ.

11 ಜುಲೈ, ಗುರುವಾರ, ಮಧ್ಯಾಹ್ನ ಮೂರು ಗಂಟೆ

ಮುಗಿಯಿತು. ಒಂಬತ್ತಕ್ಕೆ ಎಂದಿದ್ದರು, ಒಳಗೆ ತೆಗೆದುಕೊಂಡಾಗ ಹನ್ನೊಂದು. ಆ ದುರ್ಬೀನು ಇರುವುದು ಒಂದೇ. ಮೊದಲಿನ ಕೂಸಿಗೆ ಬಳಸಿದ ಮೇಲೆ ಅದನ್ನು ಶುದ್ಧ ಮಾಡಿ ತರುವವರೆಗೆ ಕಾಯಬೇಕು. ಅಷ್ಟು ಹೊತ್ತು ಹಸಿದ ಕೂಸು ನನ್ನ ಎದೆಗೆ ತಡಕಾಡುತ್ತಿತ್ತು, ಹಾಲು ಕೊಡಬಾರದು ಎಂದಿದ್ದರು. ನರ್ಸ್ ಬಂದು ಹೆಸರು ಕೂಗಿದರು. ನಿನ್ನ ಅಳಿಯ ಆಸೆಪಟ್ಟು ಇಟ್ಟ ಹೆಸರು, ಚಿರಂಜೀವಿ. ಆ ಬಾಗಿಲಲ್ಲಿ ಆ ಹೆಸರನ್ನು ಯಾರಾದರೂ ಅಷ್ಟು ಜೋರಾಗಿ ಕೂಗುವುದು ನನಗೆ ಬೇಡವಾಗಿತ್ತು. ಕೊಟ್ಟೆ. ಕೈ ಹಗುರಾಯಿತು. ಅಂಥ ಹಗುರ ಯಾರಿಗೂ ಬೇಡ.

ಒಂದೂವರೆ ಗಂಟೆ ಕಾದೆವು. ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು. ಅವರಿಗೂ ಭಯವೇ ಎಂದು ಆಗ ಗೊತ್ತಾಯಿತು.

ಡಾಕ್ಟರಮ್ಮ ಹೊರಗೆ ಬಂದು ತೂತು ಆಗಿದೆ, ನೀರು ಹರಿಯುವುದು ಕಾಣಿಸಿತು ಎಂದರು. ಗುಣವಾಯಿತು ಎನ್ನಲಿಲ್ಲ. ಮತ್ತೆ ಮುಚ್ಚುವುದಿದ್ದರೆ ಹೆಚ್ಚಾಗಿ ಆರು ತಿಂಗಳೊಳಗೇ ಗೊತ್ತಾಗುತ್ತದಂತೆ. ಇಷ್ಟು ದಿನ ಒತ್ತಡದಲ್ಲಿದ್ದ ಮೆದುಳಿಗೆ ಏನು ಹಾನಿಯಾಗಿದೆ ಎನ್ನುವುದು ಅವನು ಕೂರುವಾಗ, ನಿಲ್ಲುವಾಗ, ಮಾತು ಕಲಿಯುವಾಗ ಗೊತ್ತಾಗಬೇಕು. "ಒಂದು ತಿಂಗಳು ಮುಂಚೆ ತಂದಿದ್ರೆ ಇನ್ನೂ ಧೈರ್ಯವಾಗಿ ಹೇಳ್ತಿದ್ದೆ" ಎಂದರು. ಬೈಯಲಿಲ್ಲ. ಸುಮ್ಮನೆ ಹೇಳಿದರು.

ಕೂಸನ್ನು ಗಾಜಿನ ಆಚೆಯಿಂದ ನೋಡಿದೆ. ಬ್ಯಾಂಡೇಜಿನ ಪಕ್ಕದಲ್ಲಿ ಇಷ್ಟು ದಿನ ನಿಂಬೆಹಣ್ಣಿನ ಹಾಗೆ ಉಬ್ಬಿದ್ದ ನೆತ್ತಿ ಇಳಿದಿದೆ. ಉಸಿರಿಗೆ ತಕ್ಕ ಹಾಗೆ ಮೆಲ್ಲಗೆ ಆಡುತ್ತಿದೆ.

ಊರಿಗೆ ಹೋದ ಮೇಲೆ ಹೇಗೆ ನೋಡಿಕೊಳ್ಳುವುದು, ಅಲ್ಲಿ ಇಂಥ ಸ್ಕ್ಯಾನು ಎಲ್ಲಿದೆ ಎಂದು ನಿನ್ನ ಅಳಿಯ ಕೇಳಿದರು. ಅದಕ್ಕೆ ಡಾಕ್ಟರಮ್ಮ, "ಸ್ಕ್ಯಾನ್ ಆಮೇಲೆ. ವಾರಕ್ಕೊಂದು ಸಲ ತಲೆ ಅಳೀರಿ. ಒಬ್ಬರೇ ಅಳೀಬೇಕು, ಒಂದೇ ಜಾಗದಲ್ಲಿ ಸುತ್ತಬೇಕು, ಅವತ್ತೇ ಬರೆದಿಡಬೇಕು. ವಾಂತಿಯಾದ್ರೆ, ನೆತ್ತಿ ಉಬ್ಬಿದ್ರೆ, ಅಳತೆ ಓಡಿದ್ರೆ ಅದೇ ದಿನ ಬನ್ನಿ. ಅಳೆಯೋರು ಸರಿ ಇದ್ರೆ ಅಳತೆ ಸುಳ್ಳು ಹೇಳಲ್ಲ" ಎಂದರು. ಅತ್ತೆಯೇ, "ನಮ್ಮ ಬೀಗಿತ್ತಿ ಅಳೀತಾರೆ ಬಿಡಿ, ಅವರ ಕೈಗೆ ಅದು ರೂಢಿ ಐತೆ" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇದನ್ನು ಮುಗಿಸುತ್ತಿದ್ದೇನೆ.

ಐದಕ್ಕೆ ಮಾರಣ್ಣ ಮಾವ ಬರುತ್ತಾರೆ. ಊಟ ಬಿಡಬೇಡ.

ನಿನ್ನ ಮಗಳು,
ಕಾಂಚನಾ

ಮರೆತದ್ದಲ್ಲ, ಬರೆಯಲು ಆಗದೆ ಉಳಿದದ್ದು: ಡಬ್ಬಿಯಲ್ಲಿರುವ ಕೊನೆಯ ನಾಲ್ಕು ಎಳೆ ನೀನು ಕತ್ತರಿಸಿದವಲ್ಲ. ಮೇ ಮೂರರ ಶುಕ್ರವಾರ ನೀನು ಎಳೆಯಿಟ್ಟು ಎದ್ದು ಹೋದ ಮೇಲೆ ನಾನು ಅದನ್ನು ಹಿಂದಿನ ವಾರದ್ದರ ಪಕ್ಕದಲ್ಲಿ ಹಿಡಿದು ನೋಡಿದೆ. ಒಂದು ಬೆರಳು ಹೆಚ್ಚಿತ್ತು. ಮೂಗಮ್ಮನ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ ಜನ ನೆನಪಾದರು. ಲಾಳಿಯಿಂದ ಬೇರೆ ಎಳೆ ತೆಗೆದು, ಮೊಟಕಾಗಿ ಕತ್ತರಿಸಿ ಇಟ್ಟೆ. ಮುಂದಿನ ಮೂರು ಶುಕ್ರವಾರವೂ ಅದನ್ನೇ ಮಾಡಿದೆ. ದುರುಗಕ್ಕನಿಗೆ ನೀನು ತೋರಿಸಿದ್ದು ನನ್ನ ಎಳೆಗಳನ್ನು. ನಿಜವಾದ ನಾಲ್ಕನ್ನು ಬಿಸಾಡಲು ಕೈ ಬರಲಿಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹತ್ತನೇ ಕ್ಲಾಸಿನ ಜಾಮಿಟ್ರಿ ಬಾಕ್ಸಿನಲ್ಲಿವೆ. ಅವನ್ನು ದುರುಗಕ್ಕನ ಹತ್ತಿರ ತೆಗೆದುಕೊಂಡು ಹೋಗು. ಅವಳ ಟೇಪಿನ ಮೇಲೆ ಇಟ್ಟು ಅಳೆಸಿ, ತಾರೀಖು ಹಾಕಿಸಿ ಕಳಿಸು. ನೀನು ಕಳಿಸುವಷ್ಟರಲ್ಲಿ ಡಾಕ್ಟರಮ್ಮನಿಗೂ ನಿನ್ನ ಅಳಿಯನಿಗೂ ನಾನೇ ಹೇಳಿರುತ್ತೇನೆ. ಊರಿಗೆ ಬಂದ ಮೇಲೆ ಶುಕ್ರವಾರ ನೀನೇ ಅಳೆ ಅವ್ವಾ. ಡಬ್ಬಿ ಮಾತ್ರ ನನ್ನ ಕೈಗೆ ಸಿಗದ ಹಾಗೆ ಇಡು.